ಅಡುಗೆಮನೆಯ ಸ್ಪೀಕರ್

ಡಿವಿಡಿ ಪ್ಲೇಯರಿಗೆ ಐದು ಸ್ಪೀಕರುಗಳ ಸೆಟ್ಟು ಜೋಡಿಸುವುದೆಂದರೆ ನಮ್ಮಪ್ಪನಿಗೆ ಹಬ್ಬದ ಹೋಳಿಗೆ ಹಂಚಿದಷ್ಟು ಸುಲಭ ಅನ್ನಿಸಿತ್ತು. ಬೈಲಹೊಂಗಲದಿಂದ ಪೆಟ್ಟಿಗೆ ತಂದವನೇ ಬಿಚ್ಚಿದ. ಒಳಗಿದ್ದ ಕಾಗದದ ಚಿತ್ರದಲ್ಲಿ ಐದೂ ಸ್ಪೀಕರು ಒಂದೇ ಕೋಣೆಯಲ್ಲಿದ್ದವು.

"ಇವರಿಗೇನ್ ತಲಿ ಕೆಟ್ಟೈತೇನು? ಒಂದ ಖೋಲ್ಯಾಗ ಐದೂ ಇಟ್ಟು ಏನ್ ಮಾಡೂದು?" ಎಂದು ಆ ಕಾಗದವನ್ನು ಮಡಚಿ ಗೂಡಿಗೆ ತುರುಕಿದ. ನಡುವಿನದು ಟೀವಿಯ ಮೇಲೆ, ಮುಂದಿನವೆರಡು ಪಡಸಾಲೆಯ ಮೂಲೆಗೆ. ಹಿಂದಿನವೆರಡರಲ್ಲಿ ಒಂದು ದೇವರ ಕೋಣೆಗೆ, ಇನ್ನೊಂದು ಹಿತ್ತಲ ಕಡೆಯ ಅಡುಗೆಮನೆಗೆ. ವಾಯರು ಸಾಲದೆ ಪಂಪ್‌ಸೆಟ್ಟಿನ ಹಳೇ ವಾಯರು ಸುತ್ತಿದ.

ಅಡುಗೆಮನೆಯದು ದೊಡ್ಡವ್ವನಿಗೆ. ಅಷ್ಟೆಲ್ಲ ಖಟಪಟಿಯೂ ಅವಳಿಗಾಗಿಯೇ. ಹಿಂದಿನ ವರ್ಷ ದೊಡ್ಡಪ್ಪ ತೀರಿಕೊಂಡಿದ್ದ. ಅವನು ಮುರಗೋಡದಲ್ಲಿ ನಾಟಕದ ರಾಜನಾಗಿದ್ದನ್ನು ಯಾರೋ ವಿಡಿಯೋ ಮಾಡಿದ್ದರು. ಅವನ ದನಿ ಉಳಿದದ್ದು ಆ ಒಂದು ಡಿಸ್ಕಿನಲ್ಲಿ ಮಾತ್ರ. "ಒಮ್ಮೆ ಅವರ ಮಾತು ಕೇಳಬೇಕಪಾ" ಅಂದಿದ್ದಳು. ಆದರೆ ಗಂಡ ಹೋದ ಮೇಲೆ ಗಂಡಸರು ಕೂತ ಪಡಸಾಲೆಗೆ ಅವಳು ಕಾಲಿಡುತ್ತಿರಲಿಲ್ಲ. ಡಿಸ್ಕು ಹಾಕಿದ ಸಂಜೆ ಅವ್ವನಾದರೂ ಬಾಗಿಲ ಮರೆಯಲ್ಲಿ ನಿಂತು ನೋಡಿದಳು, ದೊಡ್ಡವ್ವ ಅಲ್ಲಿಗೂ ಬರಲಿಲ್ಲ.

ಆ ಸಂಜೆ ಇಡೀ ಓಣಿ ನಮ್ಮ ಪಡಸಾಲೆಯಲ್ಲಿತ್ತು. ದೊಡ್ಡಪ್ಪ ಮೀಸೆ ತಿರುವಿ ಗುಡುಗಿದ. ಅಬ್ಬಬ್ಬಾ, ಎಂಥ ದನಿ! ನಾಟಕ ಮುಗಿದೊಡನೆ ಅಪ್ಪ ಕೊಟ್ಟಿಗೆ ದಾಟಿ ಅಡುಗೆಮನೆಗೆ ಓಡಿದ, ಹಿಂದೆ ನಾವೆಲ್ಲ.

"ವೈನಿ, ಛಲೋ ಕೇಳಿಸ್ತೇನ್ರಿ?"

"ಕೇಳಿಸ್ತು. ಮಂದಿ ಭಾಳ ಚಪ್ಪಾಳಿ ಹೊಡದ್ರು."

"ಮತ್ತ ಅಣ್ಣನ ಮಾತು?"

ರೊಟ್ಟಿ ಬಡಿಯುತ್ತಲೇ ಅಂದಳು, "ಮನ್ಯಾಗೂ ಅವರು ಮಾತಾಡಿದ್ದು ಕಮ್ಮಿನ."

ಚೇಷ್ಟೆಯೆಂದು ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು.

ಡಿಸ್ಕು ದೊಡವಾಡ, ಸವದತ್ತಿ, ರಾಮದುರ್ಗ ಎಂದು ಬೀಗರ ಮನೆಗಳನ್ನೆಲ್ಲ ಸುತ್ತಿ ಬಂತು. ಕೆಲವು ವರ್ಷ ಕಳೆದು ಸುಣ್ಣ ಹಚ್ಚುವಾಗ ಸ್ಪೀಕರುಗಳನ್ನೆಲ್ಲ ಪಡಸಾಲೆಗೆ ತಂದು, ಯಾವುದೋ ಸಿನಿಮಾ ಹಾಕಿ, ಒಂದೊಂದಕ್ಕೇ ಕಿವಿ ಹಚ್ಚಿ ನೋಡಿದೆ. ಮಾತೆಲ್ಲ ಟೀವಿಯ ಮೇಲಿನ ನಡುವಿನ ಡಬ್ಬಿಯಿಂದ ಬರುತ್ತಿತ್ತು. ಅಡುಗೆಮನೆಯದರಲ್ಲಿ ಬರೀ ಮಂದಿಯ ಗದ್ದಲ, ಚಪ್ಪಾಳೆ. ಅಂದರೆ ಆ ಸಂಜೆ ದೊಡ್ಡವ್ವನಿಗೆ ದೊಡ್ಡಪ್ಪನ ಒಂದು ಮಾತೂ ಕೇಳಿಸಿರಲಿಲ್ಲ.

ಅಪ್ಪನಿಗೆ ಹೇಳಿದೆ. ಅವನು ನೇರ ಒಳಗೆ ಹೋಗಿ ದೊಡ್ಡವ್ವನ ಮುಂದೆ ನಿಂತ. "ನಮಗ್ಯಾಕ ಹೇಳಲಿಲ್ರಿ ವೈನಿ?"

"ಅಷ್ಟು ಹುರುಪಿಲೆ ವಾಯರ್ ಎಳದಿದ್ದಿ. ಹೆಂಗ ಹೇಳ್ಲಿ?"

"ಈಗ ಬರ್ರಿ. ಟೀವಿ ಮುಂದನ ಕುಂದರ್ರಿ."

ಬಂದಳು. ಸುಣ್ಣದವರು ಅಲ್ಲೇ ಇದ್ದರೂ ಸೆರಗು ಹೊದ್ದು ಪಡಸಾಲೆಯ ನಡುವೆ ಕೂತಳು. ನಾನು ಡಿಸ್ಕು ಹಾಕಿದೆ. ದೊಡ್ಡಪ್ಪನ ಕಿರೀಟ ಕಂಡಿತು, ಬಾಯಿ ತೆರೆಯಿತು, ಚಿತ್ರ ಅಲ್ಲೇ ನಿಂತಿತು. ಊರೂರು ತಿರುಗಿ ಅದರ ಮೈಯೆಲ್ಲ ಗೀರು. ಅಪ್ಪ ಧೋತರದ ಚುಂಗಿನಿಂದ ಒರೆಸಿ ಒರೆಸಿ ಹಾಕಿದ, ಕಣ್ಣೀರು ಸುರಿಯುತ್ತಿದ್ದರೂ ಬಿಡಲಿಲ್ಲ.

"ಸಾಕ ಬಿಡಪಾ," ಅಂದಳು ದೊಡ್ಡವ್ವ, "ಚಪ್ಪಾಳಿಯಾದ್ರೂ ಕೇಳೇನಿ." ಎದ್ದು ಒಲೆಯ ಕಡೆ ಹೋದಳು.