ಊರಿಕೇ ಕೂರುವ ವಿದ್ಯೆ

ಕಡಲೆಕಾಯಿಯನ್ನು ಒಂದೇ ಒಂದು ತಿಂದು ಕೈ ತೊಳೆದವರನ್ನು ನೀವು ನೋಡಿದ್ದೀರಾ? ನಮ್ಮ ಹಿಂದೂಪುರದ ಕಡೆ ಅಂಥವರು ಸಿಗುವುದು ಕಷ್ಟ. ಮಡಿಲಿಗೆ ಒಂದು ಸೇರು ಸುರಿದುಕೊಂಡು, ಕೈ ಕಾಯನ್ನೂ ಬಾಯಿ ಬೀದಿಯ ಸುದ್ದಿಯನ್ನೂ ಸುಲಿಯುತ್ತ ಕೂತು, ಕೊನೆಗೆ ಸಿಪ್ಪೆಯ ಗುಡ್ಡೆ ನೋಡಿ ಇಷ್ಟೆಲ್ಲ ತಿಂದವರು ಯಾರಪ್ಪ ಎಂದು ಬೆರಗಾಗುವ ಜನ ನಾವು. ಹಾಗಿರುವಾಗ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಅಂಗೈಗೆ ಒಂದೇ ಕಾಯಿ ಇಟ್ಟು, ‘ಇದನ್ನು ಐದು ನಿಮಿಷ ತಿನ್ನಿ’ ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದ ನೆಂಟರಿಗೆ ಹೀಗೆ ಕೊಟ್ಟಿದ್ದರೆ ನಮ್ಮಮ್ಮನ ಮಾನವೇ ಹೋಗುತ್ತಿತ್ತು.

ಆ ಹುಡುಗಿ ಕೌನ್ಸೆಲರ್. ನನ್ನ ಬಾಯಲ್ಲಿ ಡಾಕ್ಟರಮ್ಮ. ಅವರ ಹತ್ತಿರ ನಾನು ಹೋದದ್ದು ಬಸ್ಸಿನ ಭಯಕ್ಕೆ. ಎರಡು ವರ್ಷದ ಹಿಂದೆ ಕಲ್ಯಾಣದುರ್ಗಕ್ಕೆ ಹೊರಟಿದ್ದಾಗ, ಬಸ್ಸು ತನ್ನ ಪಾಡಿಗೆ ಚೆನ್ನಾಗಿಯೇ ಹೋಗುತ್ತಿರುವಾಗ, ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಇನ್ನೇನು ಸತ್ತೆ ಎನಿಸಿ ನಡುದಾರಿಯಲ್ಲೇ ಇಳಿದುಬಿಟ್ಟಿದ್ದೆ. ಪರೀಕ್ಷೆ ಮಾಡಿದ ವೈದ್ಯರು ಹೃದಯ ಗಟ್ಟಿಯಾಗಿದೆ ಎಂದರು. ಆ ಗಟ್ಟಿ ಹೃದಯದವಳು ಅಂದಿನಿಂದ ಬಸ್‌ ಸ್ಟ್ಯಾಂಡಿನ ರಸ್ತೆಯಲ್ಲಿ ನಡೆಯುವುದನ್ನೂ ಬಿಟ್ಟಳು. ಕಲ್ಯಾಣದುರ್ಗದಲ್ಲಿ ಇರುವವಳು ನನಗಿರುವ ಒಬ್ಬಳೇ ಅಕ್ಕ, ಲಕ್ಷ್ಮಕ್ಕ. ಅವಳ ಮಂಡಿ ಆಪರೇಷನ್ ಆದಾಗಲೂ ಶಾಲೆಯಲ್ಲಿ ಕೆಲಸವೆಂದು ಸುಳ್ಳು ಹೇಳಿ ನಾನು ಹೋಗಲಿಲ್ಲ. ಮಕ್ಕಳಿಗೆ ದಿನವಿಡೀ ಕನ್ನಡ ಪಾಠ ಹೇಳುವ ಬಾಯಿಗೆ ‘ನನಗೆ ಭಯ’ ಎಂಬ ಎರಡು ಪದ ಬರಲಿಲ್ಲ. ಭಯಕ್ಕಿಂತ ನಾಚಿಕೆಯೇ ನನ್ನನ್ನು ಹೆಚ್ಚು ಸುಡುತ್ತಿತ್ತು.

ನಾನು ಮಾಡಿದ ಮೊದಲ ಕೆಲಸವೆಂದರೆ, ಅಂಗೈಯ ಕಾಯನ್ನು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ‘ಕಾಯಿ ಇನ್ನೂ ಸರಿಯಾಗಿ ಒಣಗಿಲ್ಲ ಕಣಮ್ಮ, ಯಾರು ಕೊಟ್ರು ನಿಮ್ಗೆ?’ ಎಂದೆ. ‘ಪರೀಕ್ಷೆ ಬೇಡ ಮೇಡಂ, ಬರೀ ನೋಡಿ’ ಎಂದು ಅವರು ನಕ್ಕರು. ನೋಡಿದೆ. ಸಿಪ್ಪೆಯ ಮೇಲಿನ ನರಗಳು, ಒಡೆಯುವಾಗಿನ ಚಟ್ ಎಂಬ ಸದ್ದು, ಬೀಜದ ತೆಳು ಗುಲಾಬಿ ಅಂಗಿ, ಹಲ್ಲಿಗೆ ಸಿಕ್ಕೊಡನೆ ಒಸರಿದ ಹಾಲಿನಂಥ ಸವಿ. ಕಡಲೆಕಾಯಿಯ ಸೀಮೆಯಲ್ಲೇ ಹುಟ್ಟಿ ಬೆಳೆದ ನಾನು ಅದರ ರುಚಿ ಕಂಡದ್ದು ಅಂದೇ! ಭಯವನ್ನೂ ಹೀಗೆಯೇ ನೋಡಿ, ನೂಕಲೂ ಬೇಡಿ, ಓಲೈಸಲೂ ಬೇಡಿ, ಮೈಯಲ್ಲಿ ಅದು ಎಲ್ಲಿ ಕೂತಿದೆ ಎಂದಷ್ಟೇ ಗಮನಿಸಿ ಎಂದು ಹೇಳಿ, ದಿನಾ ಹತ್ತು ನಿಮಿಷ ಉಸಿರನ್ನು ನೋಡುತ್ತ ‘ಊರಿಕೇ ಕೂರ್ಚೋಂಡಿ’ ಎಂದು ತೆಲುಗಿನಲ್ಲಿ ಮಾತು ಮುಗಿಸಿದರು.

ತೆಲುಗಿನ ಊರಿಕೇ ಎಂದರೆ ನಮ್ಮ ಸುಮ್ಮನೆ. ಈ ‘ಸುಮ್ಮನೆ’ ಎಂಥ ಮಾತು ನೋಡಿ! ಬೈಯುವಾಗ ಅದು ಬಾಯಿ ಮುಚ್ಚಿಸುತ್ತದೆ, ಪ್ರೀತಿಯವರ ಬಾಗಿಲಲ್ಲಿ ನಿಂತು ‘ಸುಮ್ಮನೆ ಬಂದೆ’ ಎಂದರೆ ಅವರು ಬೇರೆ ಕಾರಣವನ್ನೇ ಕೇಳುವುದಿಲ್ಲ. ತರಗತಿಯಲ್ಲಿ ಸುಮ್ಮನೆ ಕೂತ್ಕೊಳ್ಳಿ ಎಂದು ಸಾವಿರ ಸಲ ಗದರಿದ ನಾನು, ಅದೆಷ್ಟು ಕಠಿಣ ಶಿಕ್ಷೆ ಎಂದು ತಿಳಿದದ್ದು ಸ್ವತಃ ಕೂತಾಗ. ಮೂರನೆಯ ಉಸಿರಿಗೆ ಮನಸ್ಸು ಕುಕ್ಕರಿನ ಸೀಟಿ ಎಣಿಸಲು ಹೋಗುತ್ತಿತ್ತು. ಅಲ್ಲಿಂದ ಕರೆತಂದರೆ ಪಕ್ಕದ ಮನೆಯ ಜಗಳಕ್ಕೆ ಕಿವಿಗೊಡುತ್ತಿತ್ತು. ಗದರದೆ ಮತ್ತೆ ಕರೆತರುವುದೇ ಅಭ್ಯಾಸವಂತೆ. ನನ್ನ ವಿದ್ಯಾರ್ಥಿಗಳ ಮೇಲೆ ಆ ವಾರ ವಿಪರೀತ ಕರುಣೆ ಉಕ್ಕಿತು.

ಹೀಗಿರುವಾಗ ಅಕ್ಕನ ಫೋನು ಬಂತು. ಏನು ಮಾಡ್ತಿದೀಯ ಎಂದು ಕೇಳಿದಳು. ‘ಡಾಕ್ಟರಮ್ಮ ಊರಿಕೇ ಕೂತ್ಕೋ ಅಂದವ್ರೆ ಕಣಕ್ಕ’ ಎಂದು ಬಾಯಿತಪ್ಪಿ ಅಂದುಬಿಟ್ಟೆ.

‘ಏನು, ಊರಿಗೇ ಬಂದು ಕೂತ್ಕೋ ಅಂದವ್ರಾ? ಒಳ್ಳೆ ಡಾಕ್ಟ್ರು ಕಣೇ! ಮುಂದಿನ ಭಾನುವಾರ ಬಂದ್ಬುಡು, ನಾನೇ ಬಸ್ ಸ್ಟ್ಯಾಂಡಿಗೆ ಬತ್ತೀನಿ’ ಎಂದವಳೇ ಫೋನಿಟ್ಟಳು. ಸಂಜೆಯೊಳಗೆ ಅವಳ ಮಗ ಫೋನು ಮಾಡಿ, ‘ಬತ್ತೀಯಂತಲ್ಲ ಚಿಕ್ಕಮ್ಮ!’ ಎಂದು ಕುಣಿದ. ಇಲ್ಲವೆನ್ನಲು ಮತ್ತೊಂದು ಸುಳ್ಳು ಬೇಕಿತ್ತು, ನನ್ನಲ್ಲಿ ದಾಸ್ತಾನು ಮುಗಿದಿತ್ತು.

ಡಾಕ್ಟರಮ್ಮ ಕೇಳಿ ಬಿದ್ದು ಬಿದ್ದು ನಕ್ಕರು. ಮೊದಲು ಹತ್ತಿರದ ಊರಿಗೆ ಹೋಗಿ ನೋಡಿ ಎಂದದ್ದಕ್ಕೆ ಎರಡು ಸಲ ಬಸ್ಸಿನಲ್ಲಿ ಚಿಲಮತ್ತೂರಿಗೆ ಹೋಗಿ ಬಂದೆ. ಭಾನುವಾರ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಕಂಬದೂರಿನವರೆಗೆ ಎಲ್ಲ ಸರಿಯಿತ್ತು, ಅಲ್ಲಿ ಅದು ಬಂದೇ ಬಂತು. ಎದೆ ಡವಡವ ಎಂದಿತು. ನನಗೇ ತಿಳಿಯದೆ ಎದ್ದು ನಿಂತಿದ್ದೆ. ‘ಇಳೀತೀರಾ ಮೇಡಂ?’ ಎಂದ ಕಂಡಕ್ಟರ್.

‘ಇಲ್ಲಪ್ಪ, ಊರಿಕೇ ಎದ್ದೆ’ ಎಂದೆ. ಆ ಮಾತಿಗೆ ನನಗೇ ನಗು ಬಂತು; ಕೂತೆ. ಮುಂದಿನ ಸೀಟಿನ ಕಂಬಿ ಕೈಗೆ ತಣ್ಣಗಿತ್ತು, ಪಾದದಡಿ ಬಸ್ಸು ನಡುಗುತ್ತಿತ್ತು, ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಭಯವೂ ನನ್ನ ಪಕ್ಕದಲ್ಲೇ ಇತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ಅದರ ಬಿಗಿ ಸಡಿಲಿತು, ನಾನು ಕಿಟಕಿಯಾಚೆ ಮೇಯುತ್ತಿದ್ದ ಕುರಿಗಳನ್ನು ನೋಡತೊಡಗಿದೆ.

ಕಲ್ಯಾಣದುರ್ಗದ ಬಸ್‌ ಸ್ಟ್ಯಾಂಡಿನ ಬೆಂಚಿನ ಮೇಲೆ ಅಕ್ಕ ಕೋಲು ಹಿಡಿದು ಕೂತಿದ್ದಳು. ಮನೆಗೆ ಹೋಗುವವರೆಗೂ ತಡೆಯಲಾಗದೆ, ಅವಳ ಕೈ ಹಿಡಿದು ಅಲ್ಲೇ ಹೇಳಿಬಿಟ್ಟೆ: ‘ಅಕ್ಕ, ಆಪರೇಷನ್ ಟೈಮಲ್ಲಿ ಶಾಲೆ ಕೆಲ್ಸ ಅಂದಿದ್ದು ಸುಳ್ಳು. ನಂಗೆ ಬಸ್ ಹತ್ತಾಕೇ ಭಯ ಆಗಿತ್ತು. ಆ ಡಾಕ್ಟರಮ್ಮ ಅಂದಿದ್ದೂ ಊರಿಗೇ ಅಂತಲ್ಲ...’

‘ಊರಿಕೇ ಅಂತ. ಗೊತ್ತು ಕಣೇ,’ ಎಂದಳು ಅಕ್ಕ, ನನ್ನ ಕೆನ್ನೆ ಒರೆಸುತ್ತ. ‘ಅರವತ್ತು ವರ್ಷದಿಂದ ತೆಲುಗು ಆಡ್ತಿದೀನಿ, ನಂಗೆ ಅಷ್ಟೂ ತಿಳಿಯಾಕಿಲ್ವಾ? ಸರಿಯಾಗಿ ಕೇಳಿಸ್ಕಂಡಿದ್ರೆ ನೀನು ಬತ್ತಿದ್ಯಾ?’