ಹಳಿಯತ್ತ ಮುಖ, ರಸ್ತೆಗೆ ಬೆನ್ನು

ಮೆಕ್ಕೆಜೋಳದ ಹೊಲದ ಮೇಲಿನ ಮಂಜು ಇನ್ನೂ ಕರಗಿಲ್ಲ. ಲಿಡ್ವಿಲ್ ರೈಲು ನಿಲ್ದಾಣದ ಕಟ್ಟೆಯ ಮೇಲೆ ಏಣಿ ಹತ್ತಿ ನಿಂತ ಡಾರ್ಲೀನ್ ಹ್ರುಬೆಷ್ ಕಿಟಕಿಯ ಚೌಕಟ್ಟಿಗೆ ಗಾಜು ಹಿಡಿಸುವ ಪುಟ್ಟಿ ಮೆತ್ತುತ್ತಿದ್ದಾರೆ. ಹೆಬ್ಬೆರಳಿನಿಂದ ಒತ್ತುತ್ತಾರೆ, ಚಾಕುವಿನಿಂದ ಸವರುತ್ತಾರೆ, ತಲೆ ಓರೆ ಮಾಡಿ ನೋಡುತ್ತಾರೆ, ಮತ್ತೆ ಒತ್ತುತ್ತಾರೆ. ಎಪ್ಪತ್ತು ದಾಟಿದ ಕೈ. ಚಳಿಗೆ ಪುಟ್ಟಿ ಕಲ್ಲಾಗುತ್ತದೆಂದು ಅದರ ಉಂಡೆಯನ್ನು ಕೋಟಿನೊಳಗೆ ಕಂಕುಳಲ್ಲಿ ಅವುಚಿಕೊಂಡು ಬಂದಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಂಡು ಶಾಲೆಯ ಹಳದಿ ಬಸ್ಸು ಹತ್ತಿ, ಹೊಲದ ಮನೆಮನೆಯ ಮಕ್ಕಳನ್ನು ತುಂಬಿಕೊಳ್ಳಬೇಕು. ಅದು ಹೊಟ್ಟೆಪಾಡು. ಇದು?

"ಇದಕ್ಕೆ ಹೆಸರಿಲ್ಲ ಬಿಡಿ. ನನ್ ಗಂಡ ಬದುಕಿದ್ದಿದ್ರೆ ಹುಚ್ಚು ಅಂತಿದ್ದ."

ಅವರು ಗಾಜು ಕೂರಿಸುತ್ತಿರುವ ಈ ಕಟ್ಟಡವನ್ನು ಬರುವ ಶನಿವಾರ ಸುಡುತ್ತಾರೆ.

ಹೌದು, ಸುಡುತ್ತಾರೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಕಂಡಿದ್ದೇವೆ. ಇಲ್ಲಿ ನೀರು ಹಿಡಿಯಬೇಕಾದವರೇ ಕಡ್ಡಿ ಗೀರುತ್ತಾರೆ. ಅಮೆರಿಕದ ಅಯೋವಾ ರಾಜ್ಯದ ಈ ಹಾಸ್ಕಿನ್ ಕೌಂಟಿಯಲ್ಲಿ ಬೇಡವಾದ ಕಟ್ಟಡವನ್ನು ಬೆಂಕಿ ಆರಿಸುವ ದಳದ ಅಭ್ಯಾಸಕ್ಕೆ ಬಿಟ್ಟುಕೊಡುವುದು ರೂಢಿ. ದಳದವರು ಹುಲ್ಲು ತುಂಬಿ ಹಚ್ಚುತ್ತಾರೆ, ಆರಿಸುತ್ತಾರೆ, ಮತ್ತೆ ಹಚ್ಚುತ್ತಾರೆ, ಕಡೆಗೆ ಉರಿದುಹೋಗಲು ಬಿಡುತ್ತಾರೆ. ಊರವರು ಮಡಚುವ ಕುರ್ಚಿ ತಂದು ಕೂತು ನೋಡುತ್ತಾರೆ. ಹೆಂಗಸರು ಕಾಫಿಯನ್ನೂ ಗಸಗಸೆ ತುಂಬಿದ ಕೊಲಾಚಿ ಬನ್ನನ್ನೂ ಹಂಚುತ್ತಾರೆ. ತಮ್ಮ ಊರಿನ ಬಾಗಿಲೇ ಉರಿಯುವಾಗ ಬಾಯಿ ಚಪ್ಪರಿಸುವ ಜನ! ಇದೇ ಕೌಂಟಿಯ ಕಾರ್ವರ್ ಊರಿನ ನಿಲ್ದಾಣ ಬೂದಿಯಾದದ್ದು ಹೀಗೆಯೇ.

ಒಂದು ಕಾಲಕ್ಕೆ ಊರಿಗೊಂದು ನಿಲ್ದಾಣವಿದ್ದ ಕೌಂಟಿ ಇದು. ಕಟ್ಟಿದ ಜಾಗದಲ್ಲೇ ಇನ್ನೂ ನಿಂತಿರುವುದು ಲಿಡ್ವಿಲ್ ಒಂದೇ. ರೈಲು ನಿಂತ ಮೇಲೆ ಉಳಿದವನ್ನು ಎತ್ತಿಕೊಂಡು ಹೋಗುವವರಿಗೆ ಮಾರಿದರು. ರೈತರು ದಿಮ್ಮಿಗಳ ಮೇಲೆ ಉರುಳಿಸುತ್ತ ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು. ಒಂದು ಹಂದಿಗೂಡಾಯಿತು, ಇನ್ನೊಂದು ಕಾಳಿನ ಕಣಜವಾಯಿತು. ಟಾರ್ಬೆಟ್ ನಿಲ್ದಾಣ ಕೋಳಿಮನೆಯಾಯಿತು, ಅದೂ ಡಾರ್ಲೀನ್ ಅವರ ಅಪ್ಪನ ಕೋಳಿಮನೆ.

"ಟಿಕೆಟ್ ಕಿಟಕೀಲಿ ಕೈ ಹಾಕಿ ಮೊಟ್ಟೆ ತೆಗೀತಿದ್ದೋಳು ನಾನು," ಎನ್ನುತ್ತಾರೆ ಡಾರ್ಲೀನ್. "ಒಂದಿನ ಯಾರೋ ಮುದುಕ ಬಂದ. ಒಳಗೆ ಬರ್ಲಾ ಮಗು ಅಂದ. ಟೋಪಿ ತೆಗೆದು ಕೋಳಿಗಳ ಮಧ್ಯೆ ನಿಂತ. ಹಿಂದೆ ನ್ಯೂಯಾರ್ಕಿಂದ ಅನಾಥ ಮಕ್ಕಳನ್ನ ರೈಲಿಗೆ ತುಂಬಿ ಈ ಕಡೆ ರೈತರ ಮನೆಗಳಿಗೆ ಕಳಿಸ್ತಿದ್ರಲ್ಲ, ಹಾಗೆ ಬಂದೋನಂತೆ. ಅದೇ ನಿಲ್ದಾಣದಲ್ಲಿ ಸಾಲಾಗಿ ನಿಲ್ಸಿ, ರೈತರು ತೋಳು ಹಿಸುಕಿ ನೋಡಿ ಆರಿಸ್ಕೊಂಡು ಹೋದ್ರಂತೆ. ಇವನ್ನ ಒಬ್ಬ, ಇವನ ತಮ್ಮನ್ನ ಇನ್ನೊಬ್ಬ. 'ತಮ್ಮ ಈ ಮೂಲೇಲಿ ನಿಂತಿದ್ದ' ಅಂತ ತೋರ್ಸಿದ. ಆ ಮೂಲೇಲಿ ನಮ್ಮ ಹುಂಜ ಕೂತಿತ್ತು. ಅಪ್ಪ ಹೋಗಿ ಹುಂಜನ್ನ ಎಬ್ಬಿಸಿದ."

ಆ ಕೋಳಿಮನೆಯೂ ಒಂದು ಬಿರುಗಾಳಿಗೆ ಮಕಾಡೆ ಬಿತ್ತು. ಆ ಮೂಲೆಯನ್ನು ಇನ್ನು ಯಾರೂ ಯಾರಿಗೂ ತೋರಿಸಲಾರರು.

ಲಿಡ್ವಿಲ್ ನಿಲ್ದಾಣ ಶಿಥಿಲವಾಗಿದೆ, ಊರಿಗೆ ಅಂದಗೇಡು ಎಂದು ಕೌಂಟಿ ಮಂಡಳಿ ತೀರ್ಮಾನಿಸಿತು. ನೋಡಿದ್ದು ಎಲ್ಲಿಂದ? ಹೆದ್ದಾರಿಯಿಂದ, ಕಾರಿನ ಗಾಜು ಸಹ ಇಳಿಸದೆ. ಹೆದ್ದಾರಿಗೆ ಕಾಣುವುದು ನಿಲ್ದಾಣದ ಬೆನ್ನು: ಬಣ್ಣ ಸುಲಿದ ಹಲಗೆ, ಮುಳ್ಳುಕಂಟಿ. ನಿಲ್ದಾಣದ ಮುಖ ಹಳಿಯ ಕಡೆಗಲ್ಲವೇ? ಹಳಿ ಕಿತ್ತು ಯಾವ ಕಾಲವಾಯಿತೋ, ಅಲ್ಲೀಗ ಮೆಕ್ಕೆಜೋಳ ನಿಂತಿದೆ. ಡಾರ್ಲೀನ್ ಕೆಲಸ ಹಿಡಿದದ್ದು ಆ ಕಡೆಯಿಂದಲೇ. ಜೋಳದ ತೆನೆಗಳ ಹೊರತು ನೋಡುವವರೇ ಇಲ್ಲದ ಗೋಡೆಯನ್ನು ಉಜ್ಜಿ, ಮೊದಲಿದ್ದ ಹಳದಿಯನ್ನೇ ಬಳಿದರು. ಊರಿನ ಹೆಸರಿನ ಹಲಗೆಯನ್ನು ಒಂದೊಂದೇ ಅಕ್ಷರ ತುಂಬಿ ಎಬ್ಬಿಸಿದರು. ಬೀಗದ ಕೈ ಯಾರೋ ಎಂದೋ ಅವರಿಗೆ ಕೊಟ್ಟು ಮರೆತದ್ದು. ಕೆಲಸ ಮಾಡೆಂದು ಹೇಳಿದವರಿಲ್ಲ, ಮಾಡಿದೆಯಾ ಎಂದು ಕೇಳಿದವರೂ ಇಲ್ಲ.

ಮಂಡಳಿಯ ಸಭೆಗೂ ಹೋದರು. ಒಂದು ಸಲ ಸುತ್ತಿ ಬಂದು ನೋಡಿ ಎಂದರು. "ದಿನಾ ಓಡಾಡುವಾಗ ನೋಡ್ತಾನೇ ಇರ್ತೀವಲ್ಲಮ್ಮ," ಎಂದರು ಅಧ್ಯಕ್ಷರು. ಮುಂದಿನ ವಿಷಯ ಎತ್ತಿಕೊಂಡರು. ಸುಡುವುದಕ್ಕೆ ಹುಲ್ಲು, ಎಣ್ಣೆ ಎಲ್ಲ ಮಂಜೂರಾಗುತ್ತದೆ. ಒಂದು ಡಬ್ಬಿ ಬಣ್ಣ ಮಾತ್ರ ಈ ಜನ್ಮದಲ್ಲಿ ಆಗಲಿಲ್ಲ.

ನಿಲ್ದಾಣದ ಬೆನ್ನಿನ ಕಡೆ ಗಾಡಿ ನಿಂತ ಸದ್ದು. ಹುಲ್ಲಿನ ಕಟ್ಟು ಇಳಿಸಲು ಬಂದವನು ದಳದ ಮುಖ್ಯಸ್ಥ ರೋಲಿ ಸ್ಟಾನೆಕ್. ಬೆಸುಗೆ ಅಂಗಡಿಯವನು, ಡಾರ್ಲೀನ್ ಅವರ ತಂಗಿಯ ಮಗ.

"ದೊಡ್ಡಮ್ಮಾ, ಇವತ್ತೂ ಇಲ್ಲೇನಾ? ಸುಡೋ ಹೆಣಕ್ಕೆ ಯಾಕೆ ಇಷ್ಟು ಸಿಂಗಾರ?" ಎಂದು ಗೋಡೆಯಾಚೆಯಿಂದಲೇ ಕೂಗುತ್ತಾನೆ.

"ಹೆಣ ಅನ್ನೋಕೆ ಮುಂಚೆ ಮುಖ ನೋಡೋ. ಸುತ್ತಿ ಬಾ ಈ ಕಡೆ."

ನಗುತ್ತಲೇ ಬರುತ್ತಾನೆ. ಮೂಲೆ ತಿರುಗಿದೊಡನೆ ನಗು ನಿಲ್ಲುತ್ತದೆ. ಎಳೆ ಬಿಸಿಲು ಹಳದಿ ಗೋಡೆಗೆ ಬಿದ್ದಿದೆ, ಸಾಲು ಗಾಜುಗಳಲ್ಲಿ ಹೊಲವೆಲ್ಲ ಕಾಣುತ್ತಿದೆ. ಕೈ ಚಾಚುತ್ತಾನೆ.

"ಮುಟ್ಟಬೇಡ, ಇನ್ನೂ ಹಸಿ."

"ಅಲ್ಲ ದೊಡ್ಡಮ್ಮ, ಇಷ್ಟನ್ನ ರಸ್ತೆ ಕಡೆ ಮಾಡಿದ್ರೆ ಮಂಡಳಿಯೋರ ಕಣ್ಣಿಗೆ ಬೀಳ್ತಿತ್ತಲ್ಲ!"

"ಮುಖ ಬಿಟ್ಟು ಮೊದ್ಲು ಬೆನ್ನು ತೊಳ್ಕೊಳ್ಳೋರು ಇದ್ದಾರೇನೋ?"

ರೋಲಿ ತಲೆ ಕೆರೆದುಕೊಳ್ಳುತ್ತಾನೆ. "ಹುಕುಂ ನಂದಲ್ಲ. ಮಂಡಳೀದು."

"ಕಡ್ಡಿ ಯಾರ ಕೈಲಿರುತ್ತೆ?"

ಅವನು ತನ್ನ ಬೂಟು ನೋಡುತ್ತಾನೆ. "ಶನಿವಾರ ಕಾಫಿ ತರ್ತೀಯ ತಾನೆ?" ಎನ್ನುತ್ತಾನೆ.

"ತರ್ತೀನಿ. ಆದ್ರೆ ರಸ್ತೆ ಕಡೆ ಅಲ್ಲ, ಈ ಕಟ್ಟೆ ಮೇಲೆ ಇಡ್ತೀನಿ. ನಿಮ್ಮ ದಳ, ಆ ಮಂಡಳಿ, ಕುರ್ಚಿ ಹೊತ್ಕೊಂಡು ಬರೋರು, ಎಲ್ರೂ ಸುತ್ತಿ ಬಂದು, ಇದರ ಮುಖ ನೋಡ್ಕೊಂಡು ಒಂದು ಲೋಟ ಕುಡೀಲಿ. ಆಮೇಲೂ ಗೀರೋಕೆ ಯಾರಿಗಾದ್ರೂ ಕೈ ಬಂದ್ರೆ, ಗೀರ್ಲಿ. ನಾನು ಕೇಳೋದು ಅಷ್ಟೇ."

ರೋಲಿ ಹೊರಟುಹೋಗುತ್ತಾನೆ. ಹುಲ್ಲಿನ ಕಟ್ಟುಗಳನ್ನು ಇಳಿಸಲೇ ಇಲ್ಲ. ಮರೆತನೋ, ಮನಸ್ಸಾಗಲಿಲ್ಲವೋ, ಡಾರ್ಲೀನ್ ಕೇಳಹೋಗುವುದಿಲ್ಲ. ಬಸ್ಸಿಗೆ ಹೊತ್ತಾಗಿದೆ. ಏಣಿ ಇಳಿಯುವ ಮುನ್ನ ಹೊಸ ಗಾಜಿನ ಮೇಲಿನ ಎಣ್ಣೆಗೈ ಗುರುತನ್ನು ತೋಳಿನಿಂದ ಒರೆಸುತ್ತಾರೆ, ಒಮ್ಮೆ ಊದಿ ಮತ್ತೆ ಒರೆಸುತ್ತಾರೆ.

"ಶನಿವಾರ ಬಿಸಿಲು ಇರುತ್ತಂತೆ," ಎನ್ನುತ್ತಾರೆ. "ಚೆನ್ನಾಗಿ ಕಾಣ್ಸುತ್ತೆ."