ಗಂಗಮ್ಮನ ಬೆಳಗಿನ ಕೂಗು

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತ ಹೆಂಗಸಿನ ಕಾಲಿನಿಂದ ಗದ್ದೆಯ ಹಸಿ ಕೆಸರಿನ ವಾಸನೆ ಬಂತು. ಕೂತವನು ಎದ್ದುಬಿಟ್ಟೆ. ವಳಕಮದಿನ್ನಿಯ ಗಂಗಮ್ಮ ನೆನಪಾದರೆ ನನಗೆ ಕೂರಲು ಆಗುವುದಿಲ್ಲ.

ಭತ್ತದ ನಾಟಿಗೆ ಹೋಗುವ ಇಪ್ಪತ್ತು ಹೆಂಗಸರಿಗೆ ಆಕೆ ಮುಂದಾಳು. ಬೆಳಗ್ಗೆ ಓಣಿಯುದ್ದಕ್ಕೂ ಹೆಸರು ಹಿಡಿದು ಕೂಗಿ ಎಲ್ಲರನ್ನೂ ಟ್ರ್ಯಾಕ್ಟರಿಗೆ ಹತ್ತಿಸುತ್ತಿದ್ದಳು. ಒಂದು ದಿನ ಅದರಿಂದಲೇ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು. ಮುಖಗಳ ಗುರುತು ಸಿಕ್ಕಿತು, ಹೆಸರುಗಳು ಮಾತ್ರ ಬಾಯಿಗೆ ಬರಲಿಲ್ಲ.

ಮೆದುಳಿಗೆ ಪೆಟ್ಟಾದವರಿಗೆ ನೆನಪಿನ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಆಗಷ್ಟೇ ಕಲಿತು ಸಿಂಧನೂರಿಗೆ ಬಂದಿದ್ದೆ. ವಿದ್ಯೆಗಿಂತ ಚೀಲ ದೊಡ್ಡದಿತ್ತು. ಕೊಡೆ, ಹಡಗು, ಪಿಯಾನೋ ಚಿತ್ರಗಳ ಕಾರ್ಡು ಹರವಿ ಗಂಗಮ್ಮನಿಂದ ಹೆಸರು ಹೇಳಿಸುತ್ತಿದ್ದೆ. ಆಕೆ ಗಳಿಗೆಗೊಮ್ಮೆ ಎದ್ದು ಬಾಗಿಲಿಗೆ ಹೋಗುತ್ತಿದ್ದಳು, ನಾನು ಕರೆತಂದು ಕೂರಿಸುತ್ತಿದ್ದೆ. ನಿಮಗೆ ಹೇಳಲು ಸಂಕೋಚ, ವರದಿಯಲ್ಲಿ 'ಸಹಕರಿಸುವುದಿಲ್ಲ' ಎಂದು ಬರೆದೆ. ಅಕ್ಷರ ದುಂಡಗೇ ಬಂದಿತ್ತು.

ಮೂರನೆಯ ವಾರ ಆಕೆ ಹಡಗಿನ ಕಾರ್ಡನ್ನು ನನ್ನ ಕೈಗೇ ಕೊಟ್ಟಳು. "ಇದು ನಮ್ಮೂರಿಗೆ ಬರಂಗಿಲ್ರೀ ಸರ. ನಾಟಿ ಸುರು ಆಗೈತಿ. ನಾ ಕರೀಲಿಲ್ಲಂದ್ರ ಮಂದಿ ಬ್ಯಾರೇದಾಕಿ ಹಿಂದ ಹೋಗ್ತಾರ."

ಮರುದಿನ ಮೊದಲ ಬಸ್ಸಿಗೆ ಅವರ ಊರಿಗೆ ಹೋದೆ. ಓಣಿಯೇ ಪಾಠವಾಯಿತು. ಮೊದಲು ಮೂರೇ ಮನೆ. ಬಾಗಿಲ ಮುಂದೆ ನಿಂತು ಹೆಸರು ನೆನೆಯಬೇಕು. ಬಂದರೆ ಮುಂದಿನ ಮನೆ. ಒಂದು ಬಾಗಿಲಲ್ಲಿ ಆಕೆ ಬಹಳ ಹೊತ್ತು ನಿಂತಳು. ಅದು ಆಕೆಯ ಸ್ವಂತ ತಂಗಿಯ ಮನೆ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು, ಹೇಳಿಬಿಡಲೇ ಎಂಬಂತೆ ನನ್ನನ್ನು ನೋಡಿದಳು. ಬೇಡವೆಂದು ತಲೆಯಾಡಿಸಿದೆ. ಅಷ್ಟು ಕ್ರೂರವಾದ ಕೆಲಸ ನಾನು ಬೇರೆ ಮಾಡಿಲ್ಲ.

"ಈರಿ," ಎಂದಳು ಗಂಗಮ್ಮ ಕೊನೆಗೆ. "ಬಾ, ಹೊತ್ತಾತು."

ಹಂಗಾಮು ಮುಗಿಯುವಷ್ಟರಲ್ಲಿ ಹದಿನಾಲ್ಕು ಹೆಸರು ಬಂದವು. ಆರು ಬರಲೇ ಇಲ್ಲ. ಮುಂದಾಳುತನವನ್ನು ಗಂಗಮ್ಮ ತಾನಾಗಿ ತಂಗಿಗೆ ಬಿಟ್ಟಳು; ಬಿಟ್ಟ ದಿನ ಉಣ್ಣಲಿಲ್ಲ ಎಂದು ಆಮೇಲೆ ತಿಳಿಯಿತು. ಬೆಳಗಿನ ಕೂಗು ಮಾತ್ರ ಆಕೆಯದೇ ಉಳಿಯಿತು. ಹೆಸರು ಬಾರದ ಆರು ಮಂದಿ, ಆಕೆ ಕೂಗುವ ಮುಂಚೆಯೇ ಓಣಿಗೆ ಬಂದು ನಿಲ್ಲುತ್ತಿದ್ದರು.

ಬಸ್ಸು ಬಂತು. ಲಿಂಗಸುಗೂರಿನ ಹೊಸ ರೋಗಿ ಅಂಚೆ ಹಂಚುತ್ತಿದ್ದವರು, ಬೈಕಿನಿಂದ ಬಿದ್ದಿದ್ದಾರೆ. ನಾನು ಹೋದಾಗ ಅವರು ಚಪ್ಪಲಿ ಮೆಟ್ಟಿ ಹೊರಟಿದ್ದರು. ಒಂದು ಕಡೆ ಕೂರುವುದೇ ಇಲ್ಲ ಎಂದು ಹೆಂಡತಿ ತೋಳು ಹಿಡಿದುಕೊಂಡೇ ದೂರಿದರು.

"ಕೈ ಬಿಡ್ರಿ ಅಕ್ಕಾರ," ಎಂದೆ.

ಅಂಚೆಯವರ ಜೊತೆಗೇ ನಡೆದೆ. ಮೊದಲ ತಿರುವಿನಲ್ಲಿ ಅವರು ನಿಂತು ನನ್ನ ಮುಖ ನೋಡಿದರು. ನಾನೂ ನಿಂತೆ, ಯಾವ ಕಡೆ ಎಂದು ಹೇಳಲಿಲ್ಲ.